ಪುಷ್ಯದ ಕಂದು ಕುಬ್ಜ: ನಿಮ್ಮ ಲೇಖನ ಓದಿದ ಮೇಲೆ

ನಮಸ್ಕಾರ.

ಗ್ರಹಕ್ಕಿಂತ ಭಾರ, ತಾರೆಗಿಂತ ಹಗುರವಾದ ಕಾಯವೊಂದರ ಬಗ್ಗೆ ನೀವು ಕಳಿಸಿದ ಲೇಖನ 'ಕಣ್ಣೀರಿಡುವ ಕಂದು ಕುಬ್ಜ' ಓದಿದೆ. ಭಾಷೆ ಚೆನ್ನಾಗಿದೆ. ಅಂಕಿ ಅಂಶ ಸರಿಯಾಗಿವೆ. ವಿಷಯ ಕನ್ನಡಕ್ಕೆ ಬೇಕಾದದ್ದೇ. ಆದರೆ ಈಗ ಇರುವ ಹಾಗೆ ಇದನ್ನು ಪ್ರಕಟಿಸಲಾರೆ. ಎರಡು ದಿನದಿಂದ ಈ ಲೇಖನ ತಲೆಯಲ್ಲೇ ಕೂತಿದೆ. ಹಾಗಾಗಿ ಸುಮ್ನೆ 'ಸ್ವೀಕರಿಸಿಲ್ಲ' ಎಂದು ತಿಳಿಸಲು ಮನಸ್ಸಾಗಲಿಲ್ಲ.

ನಿಮ್ಮ ಮೊದಲ ಸಾಲು ಹೀಗಿದೆ: "ನಕ್ಷತ್ರವಾಗಲು ಹೊರಟು ಸೋತ ನತದೃಷ್ಟ ಕಾಯವೊಂದು, ಪ್ರೆಸೆಪೆ ಎಂಬ ದೂರದ ತಾರಾಗುಚ್ಛದಲ್ಲಿ, ತಾಯಿತಾರೆಯ ಮಡಿಲಲ್ಲಿ ಕಣ್ಣೀರಿಡುತ್ತಿದೆ."

'ಸೋತ' ಯಾಕೆ? ಎಡಿ 3116 ಎಂಬ ತಾರೆಯನ್ನು ಸುತ್ತುವ ಈ ಕುಬ್ಜ ಗುರುಗ್ರಹದ ಸುಮಾರು 54 ಪಟ್ಟು ತೂಗುತ್ತದೆ. ತಾರೆಯಂತೆ ಒಡಲೊಳಗೆ ಹೈಡ್ರೋಜನ್ ಸತತವಾಗಿ ಉರಿಯಬೇಕಾದರೆ ಹತ್ತಿರಹತ್ತಿರ 75 ಪಟ್ಟು ಬೇಕು. ಅಷ್ಟು ಇಲ್ಲ, ಅಷ್ಟೇ. ಇದರಲ್ಲಿ ಅಳುವುದೇನು?

'ತಾಯಿತಾರೆ' ಇನ್ನೂ ದೊಡ್ಡ ತಪ್ಪು. ಆ ತಾರೆಯೇ ಪುಟ್ಟದು, ತೂಕದಲ್ಲಿ ಸೂರ್ಯನ ಕಾಲು ಭಾಗಕ್ಕಿಂತ ತುಸು ಜಾಸ್ತಿ. ಕುಬ್ಜದ ತೂಕ ಅದರ ಐದರಲ್ಲೊಂದು ಪಾಲು. ಇವೆರಡೂ ಜೋಡಿತಾರೆಗಳ ಹಾಗೆ ಒಟ್ಟಿಗೆ ಹುಟ್ಟಿದವೋ, ಅಥವಾ ತಾರೆಯ ಸುತ್ತಲಿನ ದೂಳಿನ ತಟ್ಟೆಯಲ್ಲಿ ಕುಬ್ಜವು ಗ್ರಹದ ಹಾಗೆ ಬೆಳೆಯಿತೋ? ಇದೇ ಅಲ್ವಾ ಮುಖ್ಯ ಪ್ರಶ್ನೆ! ಸೂರ್ಯನಂಥ ತಾರೆಗಳ ಹತ್ತಿರ ಗ್ರಹಗಳು ಸಿಗುತ್ತವೆ, ಜೊತೆ ತಾರೆಗಳು ಸಿಗುತ್ತವೆ. ನಡುವಿನ ತೂಕದ ಕಂದು ಕುಬ್ಜ ಮಾತ್ರ ನೂರರಲ್ಲಿ ಒಂದಕ್ಕೂ ಇರುವುದಿಲ್ಲ. ಖಗೋಳದವರು ಇದನ್ನು 'ಕಂದು ಕುಬ್ಜ ಮರುಭೂಮಿ' ಎನ್ನುತ್ತಾರೆ. ನೀವು 'ತಾಯಿ' ಎಂದು ಬರೆದು, ಪ್ರಶ್ನೆ ಏಳುವ ಮೊದಲೇ ಬಾಗಿಲು ಮುಚ್ಚಿಬಿಟ್ಟಿರಿ.

'ದೂರದ' ಪ್ರೆಸೆಪೆ? ಅದಿರುವುದು ನಮ್ಮ ಪುಷ್ಯ ನಕ್ಷತ್ರದಲ್ಲೇ. ಪುಷ್ಯ ಮಳೆಯ ಲೆಕ್ಕ ಹಾಕುವ ಓದುಗರಿಗೆ ಅದನ್ನು ಪರದೇಶ ಮಾಡಬೇಡಿ. ಇದರ ಹಿಂದೆ ಒಳ್ಳೆಯ ಸಂಗತಿಯೂ ಇದೆ. 2013ರಲ್ಲಿ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕವನ್ನು ಅಲುಗದಂತೆ ಹಿಡಿದಿಡುವ ಚಕ್ರಗಳಲ್ಲಿ ಎರಡನೆಯದೂ ಕೆಟ್ಟಿತು. ಆಮೇಲೆ ಅದು ಸೂರ್ಯ ಚಂದ್ರರು ಸಾಗುವ ಪಟ್ಟಿಯನ್ನು ಮಾತ್ರ ಸ್ಥಿರವಾಗಿ ನೋಡಬಲ್ಲದಾಯಿತು. ನಮ್ಮ 27 ನಕ್ಷತ್ರಗಳನ್ನು ಹಿರಿಯರು ಎಣಿಸಿದ್ದು ಅದೇ ದಾರಿಯ ಗುಂಟ. ಹಾಗಾಗಿಯೇ ಪುಷ್ಯ ಕೆಪ್ಲರ್ ಕಣ್ಣಿಗೆ ಬಿತ್ತು.

ಇನ್ನು ನನ್ನನ್ನು ನಿಜವಾಗಿ ಕೆರಳಿಸಿದ ಸಾಲು: "ವಿಜ್ಞಾನಿಗಳು ಇದನ್ನು ಪತ್ತೆ ಹಚ್ಚಿದ್ದಾರೆ."

1986ರಲ್ಲಿ ನಾನು ಪತ್ರಿಕೆಯೊಂದರಲ್ಲಿ ಹೊಸಬ. ಹ್ಯಾಲಿ ಧೂಮಕೇತು ಬಂದಿತ್ತು. "ಇದು ಸುಮಾರು 76 ವರ್ಷಕ್ಕೊಮ್ಮೆ ಬರುತ್ತದೆಂದು ಕಂಡುಹಿಡಿಯಲಾಗಿದೆ" ಎಂದು ಬರೆದೆ. ನಮ್ಮ ಹಿರಿಯ ಸಂಪಾದಕರು 'ಕಂಡುಹಿಡಿಯಲಾಗಿದೆ' ಎಂಬ ಪದಕ್ಕೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, "ಹೇಗೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೂರು ದಿನ ಗ್ರಂಥಾಲಯದಲ್ಲಿ ಕೂತೆ. 1531, 1607, 1682. ಈ ಮೂರು ವರ್ಷ ಬಂದ ಧೂಮಕೇತುಗಳ ದಾರಿಯನ್ನು ಹ್ಯಾಲಿ ಅಕ್ಕಪಕ್ಕ ಇಟ್ಟು ನೋಡಿ, ಮೂರೂ ಒಂದೇ ಎಂದಿದ್ದ. ಹಿರಿಯರು ನನ್ನ ಸಾಲು ಹೊಡೆದು ಆ ಮೂರು ಇಸವಿಗಳನ್ನೇ ಬರೆಸಿದರು. ಆ ಹಾಳೆ ಇವತ್ತಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ನಿಮಗೂ ಅದೇ ಪ್ರಶ್ನೆ. ಹೇಗೆ? ಕೆಪ್ಲರ್ ನೋಡಿದಾಗ ಎಡಿ 3116ರ ಬೆಳಕು ಎರಡು ದಿನಕ್ಕೊಮ್ಮೆ ಕುಗ್ಗುತ್ತಿತ್ತು. ಏನೋ ಅಡ್ಡ ಹಾಯುತ್ತಿದೆ ಎಂದಾಯಿತು. ಆದರೆ ಬೆಳಕು ಕುಗ್ಗಿದ್ದರಿಂದ ಗಾತ್ರ ಮಾತ್ರ ಗೊತ್ತಾಗುತ್ತದೆ. ಗುರುವಿನ ಗಾತ್ರದ್ದೆಲ್ಲ ಗುರುವಿನಂಥ ಗ್ರಹವಲ್ಲ. ಹವಾಯಿಯ ಕೆಕ್ ದೂರದರ್ಶಕದಲ್ಲಿ ಕುಬ್ಜದ ಸೆಳೆತಕ್ಕೆ ತಾರೆ ಎಷ್ಟು ಜೋರಾಗಿ ಓಲಾಡುತ್ತದೆಂದು ಅಳೆದ ಮೇಲೆ ತೂಕ ತಿಳಿಯಿತು. 2017ರಲ್ಲಿ ವರದಿ ಬಂತು. ಎರಡು ದಿನ ಎಂಬ ಅಂಕಿ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ!

ಗುಚ್ಛದ ವಯಸ್ಸು ಸುಮಾರು 70 ಕೋಟಿ ವರ್ಷ ಎಂಬುದನ್ನು ಕೊನೆಗೆ ಒಂಟಿ ಸಾಲಾಗಿ ಎಸೆದಿದ್ದೀರಿ. ಲೇಖನದ ಬೆನ್ನೆಲುಬೇ ಅದು. ಕಂದು ಕುಬ್ಜ ಒಲೆಯ ಕೆಂಡದಂತೆ ಆರುತ್ತಾ, ಆರಿದಂತೆ ಕುಗ್ಗುತ್ತಾ ಹೋಗುತ್ತದೆ. ಕೆಂಡದ ಬಣ್ಣ ನೋಡಿ ಅದು ಆಗತಾನೆ ಹೊತ್ತಿದ ಪುಳ್ಳೆಯೋ, ಬಹಳ ಹೊತ್ತು ಉರಿದ ಕೊರಡೋ ಹೇಳಲಾಗದು. ಒಲೆ ಹಚ್ಚಿದ್ದು ಯಾವಾಗ ಎಂದು ಗೊತ್ತಿದ್ದರೆ ಹೇಳಬಹುದು. ಗುಚ್ಛದ ತಾರೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದವು. ಆದ್ದರಿಂದ ಕುಬ್ಜದ ವಯಸ್ಸು ಅಲ್ಲಿ ತಿಳಿಯುತ್ತದೆ. ವೃಶ್ಚಿಕದ ಕಡೆಯ ಎಳೆಯ ತಾರೆಗಳ ಗುಂಪಿನಲ್ಲಿ ಆರ್‌ಐಕೆ 72 ಬಿ ಎಂಬ ಕುಬ್ಜವಿದೆ. ವಯಸ್ಸು 50 ಲಕ್ಷದಿಂದ 1 ಕೋಟಿ ವರ್ಷ, ತೂಕ ಸುಮಾರು 59 ಗುರು, ಅಡ್ಡಳತೆ ಗುರುವಿನ ಮೂರು ಪಟ್ಟು. ಪುಷ್ಯದ ಕುಬ್ಜ ಹೆಚ್ಚುಕಡಿಮೆ ಅಷ್ಟೇ ತೂಗಿದರೂ ಗಾತ್ರದಲ್ಲಿ ಸುಮಾರು ಗುರುವಿನಷ್ಟೇ ಇದೆ. ಈ ಎರಡನ್ನೂ ಅಕ್ಕಪಕ್ಕ ಇಡಿ, ಹ್ಯಾಲಿ ಇಟ್ಟ ಹಾಗೆ.

ಉಳಿದ ಪ್ಯಾರಾಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲ ಸಾಲು ತೆಗೆಯಿರಿ, ಎರಡು ದಿನಕ್ಕೊಮ್ಮೆ ಕುಗ್ಗುವ ಬೆಳಕಿನಿಂದ ಶುರು ಮಾಡಿ. ಫೆಬ್ರವರಿ, ಮಾರ್ಚ್ ಸಂಜೆಗಳಲ್ಲಿ ಪುಷ್ಯ ಚೆನ್ನಾಗಿ ಮೇಲೆ ಬಂದಿರುತ್ತದೆ. ಊರ ದೀಪ ಇಲ್ಲದ ಕಡೆ ಬೈನಾಕ್ಯುಲರ್ ಹಿಡಿದು ನೋಡಿ. ಎಡಿ 3116 ಕಾಣುವಷ್ಟು ಬೆಳಗುವುದಿಲ್ಲ, ಅದರ ಒಡಹುಟ್ಟಿದ ಹತ್ತಾರು ತಾರೆಗಳು ಕಾಣುತ್ತವೆ. ನೋಡಿಕೊಂಡು ಬಂದು ಬರೆದು ಕಳಿಸಿ. ಕಾಯುತ್ತಿರುತ್ತೇನೆ.