ನೆಲದ ಮೇಲ್ಮೈಯಲ್ಲಿ ಬಿರುಕು ಏಕೆ?

ಪ್ರಶ್ನೆ: 3ಡಿ ದೃಶ್ಯದಲ್ಲಿ ಟೆಸಲೇಶನ್ (ಮೇಲ್ಮೈಯ ತುಂಡುಗಳನ್ನು, ಅಂದರೆ ಪ್ಯಾಚ್‌ಗಳನ್ನು, ಜಿಪಿಯು ಸಣ್ಣ ತ್ರಿಕೋನಗಳಾಗಿ ಒಡೆಯುವ ವಿಧಾನ) ಬಳಸಿ ನೆಲದ ಮೇಲ್ಮೈ ಮೂಡಿಸುತ್ತಿದ್ದೇನೆ. ಕ್ಯಾಮೆರಾ ಸರಿದಾಗ ಪ್ಯಾಚ್‌ಗಳ ನಡುವೆ ಬಿರುಕು ಮಿನುಗುತ್ತದೆ. ಫ್ಯಾಕ್ಟರ್ (ಅಂಚನ್ನು ಎಷ್ಟು ಭಾಗ ಮಾಡಬೇಕೆಂಬ ಸಂಖ್ಯೆ) 64ಕ್ಕೆ ಏರಿಸಿದರೆ ಹೋಗುತ್ತದೆ, ಆದರೆ ವೇಗ ಕುಸಿಯುತ್ತದೆ. ಪರಿಹಾರವೇನು?

ಉತ್ತರ: 64 ಎಂಬುದು ಮೈಕ್ರೋಸಾಫ್ಟ್‌ನ ಗ್ರಾಫಿಕ್ಸ್ ಇಂಟರ್‌ಫೇಸ್ ಡೈರೆಕ್ಟ್‌3ಡಿ 11ರ ಗರಿಷ್ಠ ಮಿತಿ. ಎಲ್ಲ ಅಂಚಿಗೂ ಅದೇ ಸಂಖ್ಯೆ ಸಿಕ್ಕಿತು, ಬಿರುಕು ಮುಚ್ಚಿತು, ಅಷ್ಟೆ. ವೇಗ ಕುಸಿಯಲು ಕಾರಣ ಬೇರೆ: ಪಿಕ್ಸೆಲ್ ಶೇಡರ್ (ಪಿಕ್ಸೆಲ್‌ನ ಬಣ್ಣ ಲೆಕ್ಕಹಾಕುವ ಜಿಪಿಯು ಪ್ರೋಗ್ರಾಂ) 2×2 ಪಿಕ್ಸೆಲ್‌ಗಳ ಗುಂಪಿನಲ್ಲಿ ಓಡುತ್ತದೆ, ತ್ರಿಕೋನ ಅದಕ್ಕಿಂತ ಚಿಕ್ಕದಾದರೆ ಹೆಚ್ಚಿನ ಕೆಲಸ ವ್ಯರ್ಥ.

ನೀವು ಬಹುಶಃ ಹಲ್ ಶೇಡರ್‌ನಲ್ಲಿ (ಫ್ಯಾಕ್ಟರ್‌ಗಳನ್ನು ನಿರ್ಧರಿಸುವ ಹಂತ) ಪ್ಯಾಚ್‌ನ ಮಧ್ಯದಿಂದ ದೂರ ಅಳೆದು ನಾಲ್ಕೂ ಅಂಚಿಗೆ ಒಂದೇ ಫ್ಯಾಕ್ಟರ್ ಕೊಡುತ್ತಿದ್ದೀರಿ. ಆಗ ಒಂದೇ ಅಂಚನ್ನು ಈ ಪ್ಯಾಚ್ 8 ಭಾಗ ಮಾಡಿದರೆ ಪಕ್ಕದ್ದು 11 ಮಾಡುತ್ತದೆ. ಎತ್ತರ ಸೇರಿಸಿದೊಡನೆ ಶೃಂಗಗಳು (ತ್ರಿಕೋನಗಳ ಮೂಲೆಗಳು) ಕೂಡುವುದಿಲ್ಲ. ಪ್ರತಿ ಅಂಚಿನ ಫ್ಯಾಕ್ಟರನ್ನು ಆ ಅಂಚಿನ ಎರಡು ತುದಿಗಳಿಂದ ಮಾತ್ರ ಲೆಕ್ಕಹಾಕಿ. ಅಂಚನ್ನೇ ವ್ಯಾಸವಾಗಿಟ್ಟ ಗೋಳವು ಪರದೆಯಲ್ಲಿ ಎಷ್ಟು ಪಿಕ್ಸೆಲ್ ಅಗಲವೋ ಅದನ್ನು 8ರಿಂದ ಭಾಗಿಸಿ ಶುರುಮಾಡಿ. ಬರೀ ಪರದೆಯ ಮೇಲಿನ ಉದ್ದ ಸಾಲದು: ನೋಟದ ದಿಕ್ಕಿಗೆ ಚಾಚಿದ ಅಂಚು ಕುಗ್ಗಿ ಕಂಡು ಫ್ಯಾಕ್ಟರ್ ಬಿದ್ದುಹೋಗುತ್ತದೆ. ಪ್ಯಾಚ್‌ನ ಒಳಭಾಗವನ್ನು ಒಡೆಯುವ ಫ್ಯಾಕ್ಟರ್‌ಗೆ ಅಂಚುಗಳ ಸರಾಸರಿ ಸಾಕು. ಅಂಚಿನ ಫ್ಯಾಕ್ಟರ್ 1ಕ್ಕಿಂತ ಕೆಳಗಿಳಿಯದಂತೆ ನೋಡಿ. ಸೊನ್ನೆಯಾದರೆ ಇಡೀ ಪ್ಯಾಚೇ ಮಾಯ. (ಪರದೆಯಾಚೆಯ ಪ್ಯಾಚ್ ಕೈಬಿಡಲು ಇದೇ ಒಳ್ಳೆಯ ಉಪಾಯ.)

ಇಷ್ಟಾದರೂ ಕೂದಲೆಳೆಯಷ್ಟು ಸೀಳು ಉಳಿದರೆ ಡೊಮೇನ್ ಶೇಡರ್ (ಒಡೆದ ಶೃಂಗಗಳ ಸ್ಥಾನ ಲೆಕ್ಕಹಾಕುವ ಹಂತ) ನೋಡಿ. ಅಲ್ಲಿ ಎತ್ತರದ ಟೆಕ್ಸ್ಚರ್‌ನ (ಎತ್ತರಗಳನ್ನು ಹೊತ್ತ ಚಿತ್ರ) ಮಿಪ್ ಹಂತವನ್ನು, ಅಂದರೆ ಅದರ ಕುಗ್ಗಿಸಿದ ಪ್ರತಿಗಳಲ್ಲಿ ಯಾವುದನ್ನು ಓದಬೇಕೆಂಬುದನ್ನು, ನೀವೇ ಕೊಡಬೇಕು. ಅದನ್ನು ಪ್ಯಾಚ್‌ಗೊಂದರಂತೆ ಆರಿಸಿದ್ದರೆ ಒಂದೇ ಬಿಂದುವಿಗೆ ಎರಡು ಎತ್ತರ ಬರುತ್ತದೆ. ಹಂತವನ್ನು ಶೃಂಗದ ಸ್ಥಾನದಿಂದಲೇ ಲೆಕ್ಕಹಾಕಿ.