ಓಡುವ ಹುಡುಗನ ಹೃದಯ: ಕುಮಟಾದ ತಾಯಿಯೊಬ್ಬರಿಗೆ ಉತ್ತರ

ಓದುಗರ ಪತ್ರ:

"ನನ್ನ ಮಗನಿಗೆ 17 ವರ್ಷ, ಪಿಯು ಎರಡನೇ ವರ್ಷ. 5000 ಮೀಟರ್ ಓಟದಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿದ್ದಾನೆ. ಸೈನ್ಯ ಸೇರುವ ಆಸೆ. ದಿನಾ ಬೆಳಿಗ್ಗೆ ಸಮುದ್ರ ದಂಡೆಯಲ್ಲಿ ಓಡುತ್ತಾನೆ. ಊರಿನ ಆರೋಗ್ಯ ಶಿಬಿರದಲ್ಲಿ ಇಸಿಜಿ ಮಾಡಿದರು. ನಾಡಿ ನಿಮಿಷಕ್ಕೆ 46 ಇದೆ, ಹೃದಯದ ಗೋಡೆ ದಪ್ಪ ಇರಬಹುದು ಎಂದು ಕಾಗದದಲ್ಲಿ ಬಂತು. ಓಟ ಬಿಡಿಸಿ ಎಂದರು. ಬಂದವರೆಲ್ಲ ಪುನೀತ್ ರಾಜ್‌ಕುಮಾರ್ ಹೆಸರು ಹೇಳಿ ಹೆದರಿಸುತ್ತಿದ್ದಾರೆ. ಹುಡುಗ ಸರಿಯಾಗಿ ಊಟ ಮಾಡುತ್ತಿಲ್ಲ. ಅವನಿಗೆ ಒಮ್ಮೆಯೂ ತಲೆ ತಿರುಗಿದ್ದಿಲ್ಲ, ಎದೆನೋವು ಇಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಹಾರ್ಟಿನ ಕಾಯಿಲೆ ಇಲ್ಲ. ನನ್ನ ತಮ್ಮನೊಬ್ಬ 24ನೇ ವಯಸ್ಸಿಗೆ ಅಘನಾಶಿನಿಯಲ್ಲಿ ಈಜುವಾಗ ಮುಳುಗಿ ತೀರಿಕೊಂಡ, ಒಳ್ಳೆಯ ಈಜುಗಾರ ಆಗಿದ್ದ, ಅದು ಬೇರೆ ವಿಷಯ. ಆಟಗಾರರ ಹೃದಯಕ್ಕೇ ಬೇರೆ ಡಾಕ್ಟರು ಇರುತ್ತಾರಂತೆ, ಹೌದಾ? ಮಗನನ್ನು ಓಡಲು ಬಿಡಬಹುದಾ?"
— ಹೆಸರು ಬೇಡ, ಕುಮಟಾ ತಾಲ್ಲೂಕು

ಸಂಪಾದಕರ ಉತ್ತರ:

ಅಕ್ಕಾ, ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿ ಮುಖ್ಯ ಮಾತು ಹೇಳಿದ್ದೇನೆ. ಅಚ್ಚಾಗಿ ಬರುವ ತನಕ ಕಾಯುವ ವಿಷಯ ಇದಲ್ಲ. ಪತ್ರವನ್ನು ಹೃದ್ರೋಗ ತಜ್ಞರೊಬ್ಬರಿಗೂ ಓದಿ ಹೇಳಿದೆ. ಅವರ ಅಭಿಪ್ರಾಯವೂ ಅದೇ ಆಗಿತ್ತು. ಆದರೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಹಳಿಯಾಳ ಮುಂಡಗೋಡದವರೆಗೆ, ಬೆಳಗಾಗುವ ಮೊದಲೇ ಎದ್ದು ಓಡುವ ಮಕ್ಕಳು ನಮ್ಮಲ್ಲಿ ಜಾಸ್ತಿ. ಅವರ ಮನೆಯವರೂ ಇದನ್ನು ಓದಬೇಕು.

ನಿಮ್ಮ ಮನೆಯವರೆಲ್ಲ ಹೆದರಿರುವುದು 46 ಎಂಬ ಅಂಕಿಗೆ. ನನ್ನನ್ನು ಹೆದರಿಸಿದ್ದು ಅದಲ್ಲ. "ಅದು ಬೇರೆ ವಿಷಯ" ಎಂದು ನೀವು ದಾಟಿಸಿಬಿಟ್ಟ ತಮ್ಮನ ಸಾವು.

ಮೊದಲು 46ರ ವಿಷಯ ಮುಗಿಸುತ್ತೇನೆ. ದಿನಾ ದೂರ ಓಡುವವರ ಹೃದಯ ನಿಧಾನಕ್ಕೆ ಹಿಗ್ಗುತ್ತದೆ, ಗೋಡೆ ಸ್ವಲ್ಪ ದಪ್ಪ ಆಗುತ್ತದೆ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಹೊರಗೆ ಹೋಗುತ್ತದೆ. ಹಾಗಾಗಿ ಸುಮ್ನೆ ಕೂತಾಗ ಅದಕ್ಕೆ ಅಷ್ಟು ಸಲ ಬಡಿಯುವ ಅಗತ್ಯ ಇರುವುದಿಲ್ಲ. ಒಳ್ಳೆಯ ಓಟಗಾರರ ನಾಡಿ 40ರ ಆಸುಪಾಸಿನಲ್ಲಿ ಇರುವುದು ಸಾಮಾನ್ಯ. 1899ರಲ್ಲೇ ಹೆನ್ಶೆನ್ ಎಂಬ ಸ್ವೀಡನ್ನಿನ ವೈದ್ಯರು ಹಿಮದ ಮೇಲೆ ಸ್ಕೀ ಓಡುವವರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಅವರ ಹೃದಯ ದೊಡ್ಡದಿದೆ ಎಂದು ಗುರುತಿಸಿದ್ದರು. ಇಸಿಜಿ ಯಂತ್ರಕ್ಕೆ ಎದುರಿಗೆ ಮಲಗಿದವನು ಓಟಗಾರ ಎಂದು ಗೊತ್ತಿರುವುದಿಲ್ಲ. ಗೆರೆಗಳು ಎತ್ತರ ಕಂಡರೆ ಗೋಡೆ ದಪ್ಪ ಎಂದು ಬರೆದುಬಿಡುತ್ತದೆ. ತೆಳ್ಳಗಿನ ಹುಡುಗರಲ್ಲಿ ಇದು ಇನ್ನೂ ಜಾಸ್ತಿ.

ಆದರೆ ಗೋಡೆ ನಿಜವಾಗಿಯೂ ದಪ್ಪವಾಗುವ, ವಂಶದಲ್ಲಿ ಬರುವ ಕಾಯಿಲೆಯೂ ಒಂದಿದೆ. 2003ರ ಜೂನ್‌ನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಆಡುತ್ತಲೇ ಕುಸಿದು ತೀರಿಕೊಂಡ ಕ್ಯಾಮರೂನಿನ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೊಯೆ ಅವರಿಗೆ ಇದ್ದದ್ದು ಅದೇ. ಇವೆರಡರ ಗಡಿ ಕೆಲವರಲ್ಲಿ ಬಹಳ ತೆಳು. ಗೋಡೆ 13ರಿಂದ 15 ಮಿಲಿಮೀಟರ್ ಇದ್ದರೆ ತಜ್ಞರೂ ತಲೆ ಕೆರೆದುಕೊಳ್ಳುತ್ತಾರೆ. ಆಗ ಕೆಲವು ತಿಂಗಳು ಅಭ್ಯಾಸ ನಿಲ್ಲಿಸಿ ಮತ್ತೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವುದೂ ಉಂಟು. ಓಟದಿಂದ ಬಂದ ದಪ್ಪವಾದರೆ ಇಳಿಯುತ್ತದೆ, ಕಾಯಿಲೆಯದ್ದು ಇಳಿಯುವುದಿಲ್ಲ. ನಿಮ್ಮ ಮಗನಿಗೆ ಎಕೋ ಆಗಲೇಬೇಕು. ಅದೇನೂ ನೋವಿನ ಪರೀಕ್ಷೆ ಅಲ್ಲ.

ಈಗ ನಿಮ್ಮ ತಮ್ಮನ ವಿಷಯ. ಕೇಳುವುದಕ್ಕೆ ನೋವಾಗುತ್ತದೆ, ಕ್ಷಮಿಸಿ.

ಫೋನಿನಲ್ಲಿ ನೀವು ಹೇಳಿದ್ದು ನೆನಪಿದೆ. ಅದು ಮಳೆಗಾಲ ಅಲ್ಲ. ಹೊಳೆ ಶಾಂತವಾಗಿತ್ತು. ಬಳಚು ಚಿಪ್ಪು ತೆಗೆಯಲು ಚಿಕ್ಕಂದಿನಿಂದ ಇಳಿದು ಇಳಿದು ಪರಿಚಯ ಇದ್ದ ಜಾಗ. ಕೂಗಲಿಲ್ಲ, ಕೈ ಬಡಿಯಲಿಲ್ಲ. ಈಜುತ್ತಿದ್ದವನು ಹಾಗೇ ಕೆಳಗೆ ಹೋದ. ಊರವರು ಹೊಳೆಯ ಸೆಳೆತ ಎಂದರು. ಇರಬಹುದು. ನಮ್ಮ ಹೊಳೆಗಳಲ್ಲಿ ಮುಳುಗುವವರಲ್ಲಿ ಹೆಚ್ಚಿನವರನ್ನು ಒಯ್ಯುವುದು ಸೆಳೆತವೇ, ಸುಳಿಯೇ. ಆದರೆ ಚೆನ್ನಾಗಿ ಈಜು ಬರುವ ಹರೆಯದವರು ಶಾಂತ ನೀರಿನಲ್ಲಿ ಸದ್ದಿಲ್ಲದೆ ಮುಳುಗಿದರೆ ಹೃದಯದ ಡಾಕ್ಟರು ಬೇರೆ ಪ್ರಶ್ನೆ ಕೇಳುತ್ತಾರೆ. ಮುಳುಗಿದ್ದರಿಂದ ಹೃದಯ ನಿಂತಿತೋ, ಹೃದಯದ ಲಯ ತಪ್ಪಿದ್ದರಿಂದ ಮುಳುಗಿದರೋ?

ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗಲು ಚೂರು ಹೊತ್ತು ಬೇಕು. ಇಸಿಜಿಯಲ್ಲಿ ಇದನ್ನು ಕ್ಯೂಟಿ ಎಂದು ಅಳೆಯುತ್ತಾರೆ. ಕೆಲವರಿಗೆ ಹುಟ್ಟಿನಿಂದಲೇ ಈ ಹೊತ್ತು ಉದ್ದ ಇರುತ್ತದೆ. ಲಾಂಗ್ ಕ್ಯೂಟಿ ಎಂಬ ಕಾಯಿಲೆ ಇದು. ನೋಡಲು ಗಟ್ಟಿಮುಟ್ಟಾಗಿರುತ್ತಾರೆ. ಜೋರಾಗಿ ಓಡುವಾಗಲೋ, ಗಾಬರಿಯಾದಾಗಲೋ ಲಯ ಒಮ್ಮೆಗೇ ಕೆಟ್ಟು ಪ್ರಜ್ಞೆ ತಪ್ಪುತ್ತದೆ. ಈ ಕಾಯಿಲೆಯ ಒಂದು ಬಗೆಯಲ್ಲಂತೂ ಈಜುವಾಗಲೇ ಹಾಗಾಗುವುದು ಜಾಸ್ತಿ. ನೆಲದ ಮೇಲೆ ಬಿದ್ದರೆ ಎದ್ದಾರು, ನೀರಿನಲ್ಲಿ ಏಳುವುದು ಹೇಗೆ? ಮರಣೋತ್ತರ ಪರೀಕ್ಷೆಯಲ್ಲೂ ಹೃದಯ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಕೆಟ್ಟಿದ್ದು ಅದರ ವಿದ್ಯುತ್ತು, ಮಾಂಸಖಂಡ ಅಲ್ಲ. ಇದು ತಂದೆ ಅಥವಾ ತಾಯಿಯಿಂದ ಬರುತ್ತದೆ. ಒಬ್ಬರಲ್ಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಿಮ್ಮ ತಮ್ಮನಿಗೆ ಇದೇ ಇತ್ತು ಎಂದು ನಾನು ಹೇಳುತ್ತಿಲ್ಲ. ಇಷ್ಟು ವರ್ಷದ ಮೇಲೆ ಅವರ ಬಗ್ಗೆ ಯಾರೂ ಹಾಗೆ ಹೇಳಲಾರರು. ಆದರೆ ಮಗನ ವಿಷಯದಲ್ಲಿ ಕೇಳದೆ ಬಿಡುವ ಪ್ರಶ್ನೆ ಇದಲ್ಲ. ಆದ್ದರಿಂದ, ತಜ್ಞರು ನೋಡುವ ತನಕ ಓಟವೂ ಬೇಡ, ಈಜೂ ಬೇಡ. ನಡೆಯಲಿ, ಕಾಲೇಜಿಗೆ ಹೋಗಲಿ, ಗೆಳೆಯರ ಜೊತೆ ಇರಲಿ. ಊಟ ಬಿಟ್ಟು ಕೂರುವಂಥದ್ದು ಏನೂ ಆಗಿಲ್ಲ ಎಂದು ಅವನಿಗೆ ಹೇಳಿ.

ಡಾಕ್ಟರ ಹತ್ತಿರ ಹೋದಾಗ ಮೊದಲ ಮಾತೇ ತಮ್ಮನ ಸಾವಿನದ್ದಾಗಲಿ. "ಮನೆಯಲ್ಲಿ ಹಾರ್ಟಿನ ಕಾಯಿಲೆ ಇದೆಯಾ" ಎಂದು ಕೇಳಿದರೆ ನಮ್ಮ ಜನ ಇಲ್ಲ ಎಂದುಬಿಡುತ್ತಾರೆ. ನಿದ್ದೆಯಲ್ಲಿ ಹೋದವರು, ನೀರಿನಲ್ಲಿ ಹೋದವರು, ಫಿಟ್ಸ್ ಎಂದು ಮಾತ್ರೆ ತಿನ್ನುತ್ತಿದ್ದವರು, ಬೈಕಿನಿಂದ ಕಾರಣವಿಲ್ಲದೆ ಬಿದ್ದವರು, ಇವರೆಲ್ಲರನ್ನೂ ಹೇಳಬೇಕು. ಕ್ಯೂಟಿಯನ್ನು ಯಂತ್ರದ ಲೆಕ್ಕಕ್ಕೆ ಬಿಡದೆ ಕೈಯಿಂದ ಅಳೆದು ನೋಡಿ ಎಂದು ಕೇಳಿ. ನಾಡಿಯ ವೇಗಕ್ಕೆ ಸರಿಹೊಂದಿಸಿದ ಮೇಲೆ ಓಟಗಾರ ಹುಡುಗರಲ್ಲಿ ಅದು 470 ಮಿಲಿಸೆಕೆಂಡ್, ಹುಡುಗಿಯರಲ್ಲಿ 480 ಮುಟ್ಟಿದರೆ ಮುಂದಿನ ಪರೀಕ್ಷೆ ಬೇಕೇ ಬೇಕು. ಮನೆಯಲ್ಲಿ ಇಂಥ ಸಾವು ಆಗಿದ್ದರೆ ಅದಕ್ಕಿಂತ ಕಡಿಮೆ ಇದ್ದರೂ ಸುಮ್ಮನೆ ಬಿಡುವುದಿಲ್ಲ. ಮಲಗಿದಾಗಿನ ಇಸಿಜಿ ಪೂರ್ತಿ ಸರಿ ಇದ್ದು ಓಡುವಾಗ ಮಾತ್ರ ಲಯ ಕೆಡುವ ಕಾಯಿಲೆಯೂ ಇದೆ. ಅದಕ್ಕಾಗಿ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡುತ್ತಾರೆ.

ಇನ್ನೊಂದು ಮಾತು. ನಿಮ್ಮದೂ ಇಸಿಜಿ ಆಗಬೇಕು ಅಕ್ಕಾ. ತಮ್ಮನಿಗೂ ಮಗನಿಗೂ ನಡುವಿನ ಕೊಂಡಿ ನೀವು. ಮಗಳಿದ್ದಾಳೆ ಎಂದಿರಿ, ಅವಳನ್ನೂ ಕರೆದುಕೊಂಡು ಹೋಗಿ. ಅಲ್ಲಿಯತನಕ ಯಾರೇ ಆಗಲಿ ಅಂಗಡಿಯಿಂದ ತಾವೇ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಅಜಿತ್ರೋಮೈಸಿನ್‌ನಂಥ ಕೆಲವು ಔಷಧಗಳು ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡುತ್ತವೆ.

ಆಟಗಾರರ ಹೃದಯಕ್ಕೆ ಬೇರೆ ಡಾಕ್ಟರು ಇದ್ದಾರಾ ಎಂದು ಕೇಳಿದ್ದೀರಿ. ಇದ್ದಾರೆ. ಸ್ಪೋರ್ಟ್ಸ್ ಕಾರ್ಡಿಯಾಲಜಿ ಎಂದೇ ಒಂದು ವಿಭಾಗ ಬೆಳೆದಿದೆ. ಯುರೋಪಿನ ಹೃದ್ರೋಗ ತಜ್ಞರ ಸಂಘ 2020ರಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ತಂದಿತು. ಇವರ ಕೆಲಸ ಆಟ ನಿಲ್ಲಿಸುವುದಲ್ಲ. ಯಾರನ್ನು ನಿಲ್ಲಿಸಬೇಕು, ಯಾರನ್ನು ಸುಮ್ಮನೆ ಹೆದರಿಸಬಾರದು ಎಂದು ಬೇರ್ಪಡಿಸುವುದು. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಪ್ರತಿಯೊಬ್ಬರಿಗೂ ಇಸಿಜಿ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಎಳೆಯ ಆಟಗಾರರ ಹಠಾತ್ ಸಾವು ನಂತರದ ವರ್ಷಗಳಲ್ಲಿ ನೂರಕ್ಕೆ 89ರಷ್ಟು ಇಳಿಯಿತು. ಹಾಗೆಂದು ಪರೀಕ್ಷೆ ಒಂದೇ ಸಾಕಾಗುವುದಿಲ್ಲ. ಇಂಗ್ಲೆಂಡಿನಲ್ಲಿ 11,168 ಎಳೆಯ ಫುಟ್‌ಬಾಲ್ ಆಟಗಾರರನ್ನು ಎಕೋ ಸಹಿತ ಪರೀಕ್ಷಿಸಿದ್ದರು. ಮುಂದೆ ಹೃದಯದ ಕಾಯಿಲೆಯಿಂದ ತೀರಿಕೊಂಡ 8 ಮಂದಿಯಲ್ಲಿ 6 ಮಂದಿಯ ಪರೀಕ್ಷೆ ಆಗ ಸರಿ ಎಂದೇ ಬಂದಿತ್ತು.

ನಿಮಗೆ ಬೇಕಾಗಿರುವುದು ಆ ಹೆಸರಿನ ಬೋರ್ಡ್ ಅಲ್ಲ. ಬಡಿತದ ಲಯ ನೋಡುವ ತಜ್ಞರು, ಎಲೆಕ್ಟ್ರೋಫಿಸಿಯಾಲಜಿಸ್ಟ್ ಎನ್ನುತ್ತಾರೆ, ಅವರಿದ್ದರೆ ಸಾಕು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಕಡೆ ವಿಚಾರಿಸಿ. ಬೆಂಗಳೂರಿನ ಜಯದೇವದಲ್ಲಿ ಖರ್ಚು ಕಡಿಮೆ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಜನ ಬೀದಿಗೆ ಇಳಿದರಲ್ಲ, ಅದು ನಿಮ್ಮಂಥವರು ಹೀಗೆ ಮಗನನ್ನು ಕಟ್ಟಿಕೊಂಡು ಬಸ್ಸು ಹತ್ತಬಾರದು ಎಂದೇ. ಆ ಬೇಡಿಕೆಯನ್ನು ಈ ಪತ್ರಿಕೆ ಬಿಡುವುದಿಲ್ಲ.

ಪುನೀತ್ ಅವರ ಮಾತು ಬಂತು. 2021ರ ಅಕ್ಟೋಬರ್ 29 ನಮಗೆ ಯಾರಿಗೂ ಮರೆಯುವ ದಿನ ಅಲ್ಲ. ಆದರೆ ಅವರಿಗೆ 46 ವರ್ಷ, ನಿಮ್ಮ ಮಗನಿಗೆ 17. ಮೂವತ್ತೈದು ದಾಟಿದವರಲ್ಲಿ ಇಂಥ ಹಠಾತ್ ಸಾವಿಗೆ ಮುಖ್ಯ ಕಾರಣ ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವುದು. ಎಳೆಯರಲ್ಲಿ ಹೆಚ್ಚಾಗಿ ಹುಟ್ಟಿನಿಂದ ಬಂದ ದೋಷ, ಇಲ್ಲವೇ ಜ್ವರದ ನಂತರ ಹೃದಯಕ್ಕೆ ಬರುವ ಉರಿಯೂತ. ಡೆಂಗಿಯಂಥ ವೈರಸ್ ಜ್ವರದಲ್ಲೂ ಇದು ಆಗಬಹುದು. ಜ್ವರ ಇರುವಾಗ ಮೈದಾನಕ್ಕೆ ಇಳಿಯಲೇಬಾರದು, ಎಷ್ಟೇ ದೊಡ್ಡ ಪಂದ್ಯ ಇರಲಿ. ವಯಸ್ಸಾದವರ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿ ಕುಣಿಯುತ್ತಿದ್ದಾಗ ಹೃದಯಾಘಾತವಾಗಿ ನಮ್ಮನ್ನು ಬಿಟ್ಟು ಹೋದರು. ಭಾರದ ವೇಷ ಹೊತ್ತು ರಾತ್ರಿಯಿಡೀ ಕುಣಿಯುವ ಕಲಾವಿದರೂ ಆಟಗಾರರೇ ಅಲ್ವಾ? ಮೇಳದವರು ತಿರುಗಾಟಕ್ಕೆ ಮೊದಲು ಒಂದು ತಪಾಸಣೆ ಮಾಡಿಸಿದರೆ ಎಷ್ಟು ಒಳ್ಳೆಯದು.

ತರಬೇತುದಾರರಿಗೂ ಒಂದು ಮಾತು ಇದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳು ಓಟಕ್ಕೆ, ಕುಸ್ತಿಗೆ ಬರುತ್ತಾರೆ. ಆಫ್ರಿಕಾ ಮೂಲದ ಆಟಗಾರರ ಇಸಿಜಿಯಲ್ಲಿ ಬೇರೆಯವರಲ್ಲಿ ಕಾಯಿಲೆ ಎನಿಸುವ ಕೆಲವು ಗೆರೆಗಳು ಸಹಜ ಎಂದು 2017ರ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಶಿಬಿರದ ಕಾಗದ ನೋಡಿ ಆ ಮಕ್ಕಳನ್ನು ಕೈಬಿಡುವ ಮೊದಲು ಅವರ ಮೂಲವನ್ನು ಡಾಕ್ಟರಿಗೆ ತಿಳಿಸಿ, ತಜ್ಞರಿಗೆ ತೋರಿಸಿ.

ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿ ನಡೆಸುವವರೇ, ನಿಮಗೂ ಒಂದು ವಿನಂತಿ. ಯಾರಿಗೂ ಡಿಕ್ಕಿ ಆಗದೆ ಆಟಗಾರ ದೊಪ್ಪೆಂದು ಬಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಕೈಕಾಲು ಅದುರಬಹುದು. ನಮ್ಮವರು ತಕ್ಷಣ ಫಿಟ್ಸ್ ಎಂದು ಕೈಗೆ ಕೀಲಿಕೈ ಹಿಡಿಸುತ್ತಾರೆ, ಮುಖಕ್ಕೆ ನೀರು ಹೊಡೆಯುತ್ತಾರೆ. ಅಷ್ಟರಲ್ಲಿ ಹೊತ್ತು ಹೋಗಿಬಿಡುತ್ತದೆ. ಕರೆದರೆ ಓಗೊಡದೆ, ಉಸಿರು ಇಲ್ಲದೆ ಅಥವಾ ಬರೀ ಏದುಸಿರು ಇದ್ದರೆ, ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಶುರು ಮಾಡಲಿ. ಐದಾರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವ ತನಕ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಉಳಿದದ್ದು ಮೈದಾನದಲ್ಲೇ ಎದೆ ಒತ್ತಿ, ಶಾಕ್ ಕೊಟ್ಟಿದ್ದರಿಂದ. ಶಾಕ್ ಕೊಡುವ ಪುಟ್ಟ ಯಂತ್ರಕ್ಕೆ ಎಇಡಿ ಎನ್ನುತ್ತಾರೆ. ಟ್ರೋಫಿ, ಬ್ಯಾನರ್, ಡಿಜೆಗೆ ಹಣ ಹೊಂದಿಸುವ ಸಂಘಗಳು ನಾಲ್ಕೂರು ಸೇರಿ ಒಂದನ್ನು ಇಟ್ಟುಕೊಳ್ಳಲಿ.

ಎರಿಕ್ಸನ್ ಎದೆಯಲ್ಲಿ, ಲಯ ಕೆಟ್ಟರೆ ತಾನೇ ಶಾಕ್ ಕೊಡುವ ಐಸಿಡಿ ಎಂಬ ಸಾಧನ ಕೂರಿಸಿದರು. ಇಟಲಿಯ ನಿಯಮ ಒಪ್ಪದ ಕಾರಣ ಅಲ್ಲಿನ ಕ್ಲಬ್ ಬಿಡಬೇಕಾಯಿತು. 2022ರಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಪರ ಮತ್ತೆ ಆಡಿದರು. ಇದನ್ನು ನಿಮ್ಮ ಮಗನಿಗೆ ಓದಿ ಹೇಳಿ. ಮೊದಲೆಲ್ಲ ಲಾಂಗ್ ಕ್ಯೂಟಿ ಎಂದರೆ ಆಟ ಮುಗಿಯಿತು ಎನ್ನುತ್ತಿದ್ದರು. ಈಗ ಮಾತ್ರೆ ಶುರು ಮಾಡಿ, ಪರೀಕ್ಷೆ ಮಾಡಿ, ಆಟಗಾರನ ಜೊತೆ ಮತ್ತು ಮನೆಯವರ ಜೊತೆ ಕೂತು ಮಾತಾಡಿ ತೀರ್ಮಾನ ಮಾಡುತ್ತಾರೆ. ಎಷ್ಟೋ ಜನ ಆಟಕ್ಕೆ ಮರಳಿದ್ದಾರೆ.

ಸೈನ್ಯದ ವಿಷಯದಲ್ಲಿ ನಾನು ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ಹೃದಯದಲ್ಲಿ ದೋಷ ಸಿಕ್ಕರೆ ಅಲ್ಲಿನ ವೈದ್ಯಕೀಯ ಪರೀಕ್ಷೆ ದಾಟುವುದು ಕಷ್ಟ. ರಿಪೋರ್ಟ್ ಮುಚ್ಚಿಟ್ಟು ಭರ್ತಿಗೆ ಕಳಿಸಿ ಎಂದು ಹೇಳುವವರು ಸಿಗುತ್ತಾರೆ. ಕೇಳಬೇಡಿ. ಏನೂ ಸಿಗದಿದ್ದರೆ ಅವನು ಮತ್ತೆ ದಂಡೆಯ ಮೇಲೆ ಓಡಲಿ, 46ರ ನಾಡಿ ಅವನ ಅಭ್ಯಾಸದ ಗಳಿಕೆ ಎಂದುಕೊಳ್ಳಿ. ಅವನಿಗಿನ್ನೂ 17. ಒಂದು ಭರ್ತಿ ತಪ್ಪಿದರೆ ಮುಂದಿನದಕ್ಕೆ ಹೋಗಬಹುದು. ಹೊರಡುವಾಗ ಶಿಬಿರದ ಆ ಇಸಿಜಿ ಕಾಗದ ಮರೆಯಬೇಡಿ, ಅದರದ್ದೊಂದು ಜೆರಾಕ್ಸ್ ಮನೆಯಲ್ಲೂ ಇರಲಿ. ಡಾಕ್ಟರು ಏನಂದರು ಎಂದು ನನಗೆ ಫೋನ್ ಮಾಡಿ.