ಎಲುಬು ಕಂಡ ಗಾಯಕ್ಕೆ ತೊಡೆಯ ಚರ್ಮವಷ್ಟೇ ಸಾಲದು

ಬ್ಯಾಡಗಿ ತಾಲೂಕಿನಿಂದ ಪತ್ರ ಬರೆದ ಓದುಗರಿಗೆ,

ಟ್ರ್ಯಾಕ್ಟರ್ ಟ್ರೇಲರ್ ಬಡಿದು ನಿಮ್ಮ ತಮ್ಮನ ಬಲಗಾಲು ಪಾದದ ಗಂಟಿನ ಮೇಲೆ ಮುರಿದಿದೆ, ಎಲುಬು ಹೊರಗೆ ಕಾಣುತ್ತಿದೆ. ಗಾಯ ತೊಳೆದು, ಹೊರಗಿನಿಂದ ರಾಡು ಕೂಡಿಸಿ, ಗಾಯದ ನೀರು ಹೀರುವ ವ್ಯಾಕ್ ಮಷೀನ್ ಹಚ್ಚಿದ್ದರು. ಹದಿನೆಂಟನೆಯ ದಿನ ಹುಬ್ಬಳ್ಳಿಗೆ ಕಳಿಸಿದ್ದಾರೆ. ಅಲ್ಲಿ ಫ್ಲ್ಯಾಪ್, ಅಂದರೆ ರಕ್ತನಾಳದ ಸಮೇತ ಚರ್ಮ-ಮಾಂಸ ತಂದು ಗಾಯ ಮುಚ್ಚುವ ಆಪರೇಷನ್, ಮಾಡಬೇಕೆಂದಿದ್ದಾರೆ. ಮೊದಲ ದಿನವೇ ಯಾಕೆ ಹೊಲಿಯಲಿಲ್ಲ, ತೊಡೆಯ ಚರ್ಮ ಹಚ್ಚಿದರೆ ಸಾಲದೇ, ಕಾಲು ತೆಗೆಸಿದ್ದರೆ ಬೇಗ ದುಡಿಮೆಗೆ ಹೋಗುತ್ತಿದ್ದನಲ್ಲವೇ, ತತ್ತಿ-ಬೇಳೆ ತಿಂದರೆ ಕೀವಾಗುವುದು ನಿಜವೇ ಎಂದು ಕೇಳಿದ್ದೀರಿ.

ಮೊದಲ ದಿನ ಹೊಲಿಯದಿದ್ದುದು ಸರಿಯೇ. ಜಜ್ಜಿದ ಮಾಂಸದಲ್ಲಿ ಸತ್ತದ್ದೆಷ್ಟು, ಬದುಕಿದ್ದೆಷ್ಟು ಎಂಬುದು ಆ ದಿನ ಪೂರ್ತಿ ತಿಳಿಯದು. ಹೊಲದ ಮಣ್ಣು ಒಳಗಿಟ್ಟು ಬಾಯಿ ಮುಚ್ಚಿದರೆ ಕೀವು ಎಲುಬಿಗಿಳಿಯುತ್ತದೆ. ಅದಕ್ಕೇ ಎರಡು ದಿನ ಬಿಟ್ಟು ಮತ್ತೆ ನೋಡಿ ತೊಳೆಯುತ್ತಾರೆ. ಆದರೆ ಹದಿನೆಂಟು ದಿನ ಕಾದದ್ದು ಹೆಚ್ಚಾಯಿತು. ಈಗಿನ ಸ್ಲೊವೇನಿಯಾ ದೇಶದ ಲ್ಯುಬ್ಲಿಯಾನಾದ ಸರ್ಜನ್ ಮಾರ್ಕೊ ಗೊಡಿನಾ ಇಟ್ಟ 532 ರೋಗಿಗಳ ಲೆಕ್ಕ 1986ರಲ್ಲಿ ಪ್ರಕಟವಾಯಿತು. 72 ಗಂಟೆಯೊಳಗೆ ಫ್ಲ್ಯಾಪ್ ಮಾಡಿದವರಲ್ಲಿ ಅದು ಕೆಟ್ಟದ್ದು ಶೇ. 0.75, ಸೋಂಕು ಶೇ. 1.5. ಅಲ್ಲಿಂದ ಮೂರು ತಿಂಗಳೊಳಗೆ ಮಾಡಿದವರಲ್ಲಿ ಕೆಟ್ಟದ್ದು ಶೇ. 12, ಸೋಂಕು ಶೇ. 17.5. ಈಗ ಸಲಕರಣೆ ಸುಧಾರಿಸಿವೆ, ಆದರೂ ತಡವಾದಷ್ಟೂ ತೊಂದರೆ ಹೆಚ್ಚು ಎಂಬುದು ಬದಲಾಗಿಲ್ಲ. ಎಲುಬು ಕಂಡ ಗಾಯವೆಂದರೆ ಎಲುಬಿನ ಡಾಕ್ಟರರ ಜೊತೆಗೇ ಪ್ಲಾಸ್ಟಿಕ್ ಸರ್ಜನ್ನರೂ ಮೊದಲ ದಿನವೇ ನೋಡಬೇಕು.

ವ್ಯಾಕ್ ಹಚ್ಚಿದ್ದೇವೆ, ಅವಸರವಿಲ್ಲ ಎಂಬ ಮಾತು ನಮಗೆ ಒಪ್ಪಿಗೆಯಿಲ್ಲ. ಅದು ಸ್ಪಂಜಿನ ಮೂಲಕ ನೀರು ಹೀರಿ ಗಾಯವನ್ನು ಚೊಕ್ಕಟ ಇಡುತ್ತದೆ, ಫ್ಲ್ಯಾಪಿನ ಕೆಲಸ ಮಾಡುವುದಿಲ್ಲ. ಇಂಥ ಗಾಯವಾದ 460 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಸಾದಾ ಡ್ರೆಸ್ಸಿಂಗಿಗೂ ಇದಕ್ಕೂ ಒಂದು ವರ್ಷದ ನಂತರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ತೊಡೆಯಿಂದ ತೆಗೆದ ತೆಳು ಚರ್ಮ ಮೊದಲ ಎರಡು ದಿನ ಗಾಯದ ಪಸೆ ಹೀರಿಯೇ ಬದುಕುತ್ತದೆ. ಐದನೆಯ ದಿನದ ಹೊತ್ತಿಗೆ ಕೆಳಗಿನಿಂದ ರಕ್ತನಾಳ ಹತ್ತಿಕೊಳ್ಳಬೇಕು. ಪೊರೆ ಕಿತ್ತ ಬೋಳು ಎಲುಬಿನ ಮೇಲೆ ಆ ನಾಳಗಳೇ ಇಲ್ಲ, ಹಚ್ಚಿದ ಚರ್ಮ ಕಪ್ಪಾಗಿ ಉದುರುತ್ತದೆ. ಮೊಣಕಾಲಿನ ಕೆಳಗಾದರೆ ಮೀನಖಂಡದ ಮಾಂಸವನ್ನೇ ತಿರುಗಿಸಿ ಮುಚ್ಚಬಹುದು. ಪಾದದ ಗಂಟಿನ ಹತ್ತಿರ ಅಷ್ಟು ಮಾಂಸವಿಲ್ಲ. ಗಾಯ ಸಣ್ಣದಿದ್ದರೆ ಕಾಲಿನ ಹಿಂಬದಿಯ ಚರ್ಮ ತಿರುಗಿಸುತ್ತಾರೆ. ದೊಡ್ಡದಿದ್ದರೆ ತೊಡೆ ಇಲ್ಲವೇ ಬೆನ್ನಿನ ಚರ್ಮ-ಮಾಂಸದ ತುಂಡನ್ನು ರಕ್ತನಾಳದ ಸಮೇತ ತಂದು, ಕಾಲಿನ ನಾಳಕ್ಕೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತಾರೆ.

ಫ್ಲ್ಯಾಪ್ ಆದ ಮೊದಲ ಎರಡು ದಿನ ನೀವೂ ಕಣ್ಣಿಟ್ಟಿರಿ. ಬಿಳಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ; ನೀಲಿಗಟ್ಟಿ ಬಿಗಿದರೆ ಬಂದ ರಕ್ತ ವಾಪಸು ಹೋಗುತ್ತಿಲ್ಲ. ಎರಡರಲ್ಲಿ ಯಾವುದು ಕಂಡರೂ, ಮಧ್ಯರಾತ್ರಿಯಾದರೂ ಸಿಸ್ಟರನ್ನು ಎಬ್ಬಿಸಿ. ಕೆಲವೇ ಗಂಟೆಗಳೊಳಗೆ ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರೆ ಉಳಿಸಿಕೊಳ್ಳುವ ಅವಕಾಶವಿದೆ. ಬೀಡಿ, ಗುಟ್ಕಾ, ತಂಬಾಕು-ಸುಣ್ಣ ಇವತ್ತಿನಿಂದಲೇ ಬಂದ್. ನಿಕೋಟಿನ್ ರಕ್ತನಾಳವನ್ನು ಬಿಗಿಯುತ್ತದೆ. ನೋಡಲು ಬಂದ ಗೆಳೆಯರ ಜೇಬಿನ ಮೇಲೂ ಲಕ್ಷ್ಯವಿರಲಿ.

ಕಾಲು ತೆಗೆಸುವ ಮಾತು: ಅಮೆರಿಕದಲ್ಲಿ ಕಾಲಿಗೆ ಭಾರಿ ಪೆಟ್ಟಾದ 569 ಜನರನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ನಂತರ ಕಾಲು ಉಳಿಸಿಕೊಂಡವರೂ ತೆಗೆಸಿದವರೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು, ಎರಡೂ ಕಡೆ ಅರ್ಧದಷ್ಟು ಮಂದಿ ಮಾತ್ರ ದುಡಿಮೆಗೆ ಮರಳಿದ್ದರು. ಕಾಲು ತೆಗೆದರೆ ಎಲ್ಲ ಬೇಗ ಮುಗಿಯುತ್ತದೆ ಎನ್ನಲು ಆಧಾರವಿಲ್ಲ.

ಇನ್ನು ಪಥ್ಯ. ಬೇಳೆ, ತತ್ತಿ ತಿಂದು ಕೀವಾಗುವುದಿಲ್ಲ; ಗಂಜಿಯ ಮೇಲೇ ಇಟ್ಟರೆ ಗಾಯ ಮಾಯುವುದಿಲ್ಲ. ಇಂಥ ಗಾಯಕ್ಕೆ ಕಿಲೋ ತೂಕಕ್ಕೆ ದಿನಕ್ಕೆ ಒಂದೂವರೆ ಗ್ರಾಂ ಪ್ರೋಟೀನ್ ಬೇಕು, 60 ಕಿಲೋ ಆಳಿಗೆ 90 ಗ್ರಾಂ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 100 ಗ್ರಾಂ ಬೇಳೆಕಾಳು, ಮೂರು ತತ್ತಿ, ಅರ್ಧ ಲೀಟರ್ ಹಾಲು-ಮೊಸರು, ಒಂದು ಹಿಡಿ ಶೇಂಗಾ ಸೇರಿದರೆ ಲೆಕ್ಕ ಹೆಚ್ಚುಕಡಿಮೆ ಕೂಡುತ್ತದೆ. ಜೊತೆಗೆ ಲಿಂಬೆ ಅಥವಾ ಪೇರಲ. ಕಿಡ್ನಿ ತೊಂದರೆಯಿದ್ದರೆ ಮಾತ್ರ ಡಾಕ್ಟರರನ್ನು ಕೇಳಿ ಅಳತೆ ಇಳಿಸಿ.

ಫ್ಲ್ಯಾಪ್ ಹತ್ತಿದ ಮೇಲೂ ಕಾಲನ್ನು ಒಮ್ಮೆಲೇ ಮಂಚದಿಂದ ಇಳಿಬಿಡಬೇಡಿ. ಡಾಕ್ಟರು ಹೇಳಿದ ದಿನದಿಂದ ಐದೈದು ನಿಮಿಷ ಇಳಿಬಿಟ್ಟು, ಬಣ್ಣ ನೋಡಿ, ಕಪ್ಪುನೀಲಿಗೆ ತಿರುಗಿದರೆ ಮತ್ತೆ ದಿಂಬಿನ ಮೇಲೆತ್ತಿಡಿ.

– ಸಂಪಾದಕ